ಕಷ್ಟದಲ್ಲಿರುವ ಮನೆಗೆ ಇಗರ್ಜಿಯವರಾಗಿ ಹೋಗುವುದು ಹೇಗೆ

ಕಾರವಾರದ ಕೋಡಿಬಾಗದ ಕಡೆ ನಮ್ಮ ಮನೆ. ಗಂಡ ಹಡಗಿನ ಕೆಲಸದಲ್ಲಿದ್ದವರು, ಈಗ ಮನೆಯಲ್ಲಿದ್ದಾರೆ. ಮಕ್ಕಳು ಹೊರಗಿದ್ದಾರೆ. ನಮ್ಮ ಇಗರ್ಜಿಯ (ಚರ್ಚಿನ) ವಾರ್ಡಿನಲ್ಲಿ, ಅಂದರೆ ಅಕ್ಕಪಕ್ಕದ ಕ್ರೈಸ್ತ ಮನೆಗಳ ಗುಂಪಿನಲ್ಲಿ, ಮನೆ ಭೇಟಿಯ ಕೆಲಸ ನಾನು ನೋಡಿಕೊಳ್ಳುತ್ತೇನೆ. ಕಾಯಿಲೆ, ಸಾವು, ಸಾಲ, ಕುಡಿತ, ಗಂಡ ಹೆಂಡತಿ ಮಾತು ಬಿಟ್ಟದ್ದು, ಹೀಗೆ ಏನಾದರೂ ಆದ ಮನೆಗೆ ಹೋಗಿ ಕೂರುವ ಕೆಲಸ. ಬೇರೆ ಧರ್ಮಕೇಂದ್ರಗಳ ಹೆಂಗಸರು, ಹೊಸದಾಗಿ ಮದುವೆಯಾದ ಜೋಡಿಗಳು ಕೇಳುತ್ತಿರುತ್ತಾರೆ: "ನಮಗೂ ಹೋಗಬೇಕು ಅನಿಸುತ್ತದೆ ಆಂಟಿ, ಆದರೆ ಹೋಗಿ ಏನು ಮಾಡುವುದು?" ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ಮಾತು ಇದು. ಕರೆಯಲಿ ಎಂದು ಕಾಯಬೇಡಿ. ಭಾನುವಾರ ಬಲಿಪೂಜೆ ಮುಗಿಸಿ ಇಗರ್ಜಿಯ ಹೊರಗೆ ನಿಂತು "ಏನಾದರೂ ಬೇಕಿದ್ದರೆ ಹೇಳಿ" ಎಂದು ನಾವೆಲ್ಲ ಹೇಳುತ್ತೇವೆ. ಯಾರೂ ಹೇಳುವುದಿಲ್ಲ. ಕಷ್ಟದಲ್ಲಿರುವವರಿಗೆ ಕೇಳುವುದೇ ಎಲ್ಲಕ್ಕಿಂತ ಕಷ್ಟ. ಅದರ ಬದಲು, ಹೂಂ ಅಥವಾ ಬೇಡ ಎಂದರೆ ಸಾಕು ಅನ್ನುವಂಥ ಒಂದು ಮಾತು ಕೇಳಿ. "ನಾಳೆ ಮಕ್ಕಳನ್ನು ಶಾಲೆಗೆ ನಾನು ಬಿಡುತ್ತೇನೆ, ಎಂಟೂವರೆಗೆ ಬರಲಾ?" "ಇವತ್ತು ರಾತ್ರಿಯ ಗಂಜಿ ನಮ್ಮ ಮನೆಯಿಂದ ಕಳಿಸುತ್ತೇನೆ, ಎಷ್ಟು ಜನ ಇದ್ದೀರಿ?"

ಇಬ್ಬರು ಹೋಗಿ

ಒಬ್ಬರೇ ಹೋಗಬೇಡಿ, ಐದಾರು ಜನವೂ ಬೇಡ. ಯೇಸು ತನ್ನ ಶಿಷ್ಯರನ್ನು ಕಳಿಸಿದ್ದು ಇಬ್ಬಿಬ್ಬರಾಗಿ. ಲೂಕನ ಶುಭಸಂದೇಶದ ಹತ್ತನೇ ಅಧ್ಯಾಯದಲ್ಲಿ ಅದಿದೆ. ಕೊಟ್ಟದ್ದನ್ನು ಉಣ್ಣಿ, ಮನೆಯಿಂದ ಮನೆಗೆ ಅಲೆಯಬೇಡಿ ಎಂಬ ಮಾತೂ ಅಲ್ಲೇ ಇದೆ. ಇವೆರಡೂ ನಮ್ಮ ಕೆಲಸಕ್ಕೆ ಇವತ್ತಿಗೂ ಸರಿ. ಅವರು ಕರಿ ಚಹಾ ಕೊಟ್ಟರೆ ಕುಡಿಯಿರಿ. "ಬೇಡ ಬೇಡ, ನಿಮಗೇ ಕಷ್ಟ" ಎಂದು ಯಾವತ್ತೂ ಹೇಳಬೇಡಿ. ಆ ಒಂದು ಲೋಟ ಚಹಾದಲ್ಲಿ ಅವರ ಮರ್ಯಾದೆ ಇರುತ್ತದೆ. ಒಂದೇ ಸಂಜೆ ನಾಲ್ಕು ಮನೆ ಮುಗಿಸುವ ಲೆಕ್ಕವನ್ನೂ ಹಾಕಬೇಡಿ.

1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡರಿಕ್ ಓಜಾನಾಂ ಮತ್ತು ಅವನ ಜೊತೆಯ ವಿದ್ಯಾರ್ಥಿಗಳು ಶುರುಮಾಡಿದ ಸಂತ ವಿನ್ಸೆಂಟ್ ದೆ ಪಾಲ್ ಸಭೆಯವರೂ ಬಡವರ ಮನೆಗೆ ಇಬ್ಬಿಬ್ಬರಾಗಿಯೇ ಹೋಗುತ್ತಾರೆ. ಓಜಾನಾಂ ಆಗ ಇಪ್ಪತ್ತರ ಹುಡುಗ. ಬಡತನದ ಬಗ್ಗೆ ಭಾಷಣ ಮಾಡುವುದು ಬಿಟ್ಟು ಅವರ ಮನೆಯ ಮೆಟ್ಟಿಲು ಹತ್ತಿದವನು. ನಮ್ಮ ಕಾಲೇಜು ಮಕ್ಕಳಿಗೆ ಇದನ್ನು ಹೇಳಿ. ಇದು ವಯಸ್ಸಾದ ಹೆಂಗಸರಿಗೆ ಮಾತ್ರ ಬಿಟ್ಟ ಕೆಲಸ ಎಂದು ಅವರು ತಿಳಿದುಕೊಂಡಿದ್ದಾರೆ.

ಜೋಡಿ ಕಟ್ಟುವಾಗ ಭಾಷೆ ನೋಡಿ. ಕಾರವಾರ, ಹೊನ್ನಾವರ ಕಡೆಯ ಹಳೇ ಮನೆಗಳಲ್ಲಿ ಪ್ರಾರ್ಥನೆ ಕೊಂಕಣಿಯಲ್ಲಿ ನಡೆಯುತ್ತದೆ. ಹಳಿಯಾಳ, ಮುಂಡಗೋಡ, ಬೆಳಗಾವಿ ಕಡೆಯಿಂದ ಕೆಲಸಕ್ಕೆ ಬಂದ ಕುಟುಂಬಗಳಲ್ಲಿ ಹೆಚ್ಚಾಗಿ ಕನ್ನಡದಲ್ಲಿ. ದುಃಖದಲ್ಲಿರುವ ಹೆಂಗಸು ಕನ್ನಡದ "ನಮೋ ಮರಿಯಾ" ಹೇಳಿ ಬೆಳೆದವಳಾದರೆ ಅವಳಿಗೆ ಅದೇ ಬೇಕು. ಗಂಡಸರಷ್ಟೇ ಇರುವ ಮನೆಗೆ ಗಂಡ ಹೆಂಡತಿ ಜೊತೆಯಾಗಿ ಹೋಗುವುದು ಒಳ್ಳೆಯದು.

ಹೋಗುವ ಮೊದಲು ಫೋನ್ ಮಾಡಿ. ಅರ್ಧ ಗಂಟೆಗಿಂತ ಜಾಸ್ತಿ ಕೂರಬೇಡಿ, ಅವರೇ ಹಿಡಿದು ಕೂರಿಸಿದರೆ ಬೇರೆ. ಮೊಬೈಲು ಚೀಲದಲ್ಲಿರಲಿ.

ಆಸ್ಪತ್ರೆಗೆ ಓಡಾಡುವ ಮನೆ

ನಮ್ಮ ಜಿಲ್ಲೆಯಲ್ಲಿ ದೊಡ್ಡ ಕಾಯಿಲೆ ಎಂದರೆ ದೂರದ ದಾರಿ. ಕಾರವಾರದಿಂದ ಮಣಿಪಾಲಕ್ಕೆ 200 ಕಿಲೋಮೀಟರಿಗೂ ಜಾಸ್ತಿ, ಮಂಗಳೂರು ಇನ್ನೂ ಆಚೆ. ಉತ್ತರಕ್ಕೆ ಹೋದರೆ ಗೋವಾದ ಬಾಂಬೋಲಿಂನ ಮೆಡಿಕಲ್ ಕಾಲೇಜು ಆಸ್ಪತ್ರೆ. ಮಳೆಗಾಲದಲ್ಲಿ ಆ ದಾರಿಗಳನ್ನೂ ನಂಬುವ ಹಾಗಿಲ್ಲ. 2024ರಲ್ಲಿ ಜುಲೈ 16ಕ್ಕೆ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ದಕ್ಷಿಣದ ಹೆದ್ದಾರಿ ಮುಚ್ಚಿತು. ಆಗಸ್ಟ್ 7ರ ನಸುಕಿನಲ್ಲಿ ಗೋವಾ ಕಡೆ ಹೋಗುವ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಒಂದೇ ಮಳೆಗಾಲದಲ್ಲಿ ಎರಡೂ ಕಡೆ. ಆ ದಿನಗಳಲ್ಲಿ ಕೀಮೋಗೆ, ಡಯಾಲಿಸಿಸ್‌ಗೆ ಹೋಗಬೇಕಾದವರ ಮನೆಯಲ್ಲಿ ಎಂಥ ಭಯ ಇತ್ತು ಎಂದು ನೋಡಿದವರಿಗೇ ಗೊತ್ತು.

ಹಾಗಾಗಿ ಇಂಥ ಮನೆಗೆ ಸೇಬು, ಹಾರ್ಲಿಕ್ಸ್ ಹಿಡಿದು ಹೋಗುವುದು ಸಾಲದು. ಅವರಿಗೆ ನಿಜವಾಗಿ ಬೇಕಾಗುವುದು ಬೇರೆ. ಬೆಳಗಿನ ಜಾವದ ರೈಲಿಗೆ ಸ್ಟೇಷನ್ನಿಗೆ ಬಿಡುವವರು ಬೇಕು. ಕಾರವಾರದ ಸ್ಟೇಷನ್ ಪೇಟೆಯಿಂದ ದೂರ, ಕತ್ತಲೆಯಲ್ಲಿ ರಿಕ್ಷಾ ಸಿಗುವುದಿಲ್ಲ. ಮನೆಯಲ್ಲಿ ಉಳಿದ ಮಕ್ಕಳಿಗೆ, ಮುದುಕರಿಗೆ ಊಟ ಕೊಡುವವರು ಬೇಕು. ಕೋಳಿ, ನಾಯಿ ನೋಡುವವರು ಬೇಕು. ಆಸ್ಪತ್ರೆಯಲ್ಲಿ ರೋಗಿಯ ಹತ್ತಿರ ಒಂದು ರಾತ್ರಿ ಕೂತು, ಮನೆಯವರನ್ನು ಮಲಗಿಸುವವರು ಬೇಕು. ಒಂದು ಒಳ್ಳೆಯ ಥರ್ಮಾಸ್, ಒಂದು ಚಾಪೆ, ಚಾರ್ಜರ್, ಚಿಲ್ಲರೆ ದುಡ್ಡು ಬೇಕು. ನಮ್ಮ ವಾರ್ಡಿನಲ್ಲಿ ಇದನ್ನೆಲ್ಲ ಒಂದು ಚೀಲದಲ್ಲಿ ಕಟ್ಟಿ ಇಟ್ಟಿದ್ದೇವೆ. ಆಸ್ಪತ್ರೆಗೆ ಹೊರಟವರು ಒಯ್ಯುತ್ತಾರೆ, ಬಂದ ಮೇಲೆ ತೊಳೆದು ವಾಪಸ್ ಕೊಡುತ್ತಾರೆ.

ಕಾಗದಪತ್ರದ ಕೆಲಸಕ್ಕೆ ಓದು ಬರುವ ಒಬ್ಬರು ಜೊತೆ ನಿಲ್ಲಲಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಆದರೆ ತುರ್ತು ಅಲ್ಲದಿದ್ದರೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಕೇಳುತ್ತಾರೆ. ಚೀಟಿ ಇಲ್ಲದೆ ಹೊರಟು, ಅಷ್ಟು ದೂರ ಹೋದ ಮೇಲೆ ಕೌಂಟರಿನಲ್ಲಿ ಅತ್ತವರನ್ನು ನಾನು ನೋಡಿದ್ದೇನೆ. ಹೊರಡುವ ಹಿಂದಿನ ದಿನವೇ ರೇಷನ್ ಕಾರ್ಡ್, ಆಧಾರ್, ರೆಫರಲ್ ಚೀಟಿ, ಹಳೇ ರಿಪೋರ್ಟುಗಳ ಝೆರಾಕ್ಸ್ ಒಂದು ಫೈಲಿನಲ್ಲಿ ಹಾಕಿಸಿ. ಆ ಆಸ್ಪತ್ರೆಯಲ್ಲಿ ಈ ಯೋಜನೆಯ ಕಾರ್ಡ್ ನಡೆಯುತ್ತದಾ ಎಂದು ಫೋನ್ ಮಾಡಿ ಕೇಳಿ. ಇದು ಪ್ರಾರ್ಥನೆಗಿಂತ ಕಡಿಮೆ ಕೆಲಸ ಎಂದು ನನಗೆ ಅನಿಸುವುದಿಲ್ಲ. ಉಡಲು ಇಲ್ಲದವನಿಗೆ, ಉಣ್ಣಲು ಇಲ್ಲದವನಿಗೆ ಬರೀ ಬಾಯಲ್ಲಿ ಹರಸಿ ಕಳಿಸಿದರೆ ಏನು ಪ್ರಯೋಜನ ಎಂದು ಯಾಕೋಬನೇ ತನ್ನ ಪತ್ರದಲ್ಲಿ ಕೇಳಿದ್ದಾನೆ.

ಫಾದರ್‌ಗೆ ಬೇಗ ತಿಳಿಸಿ. ರೋಗಿಗಳ ಅಭ್ಯಂಗ, ಅಂದರೆ ಫಾದರ್ ಬಂದು ಪ್ರಾರ್ಥಿಸಿ ರೋಗಿಗೆ ಎಣ್ಣೆ ಹಚ್ಚುವ ಸಂಸ್ಕಾರ, ನಮ್ಮ ಜನಕ್ಕೆ ಹೆದರಿಕೆ. "ಫಾದರ್ ಎಣ್ಣೆ ಹಚ್ಚಲು ಬಂದರು ಅಂದರೆ ಮುಗೀತು" ಎಂದುಕೊಳ್ಳುತ್ತಾರೆ. ಅದಕ್ಕೇ ಕೊನೆಯ ಉಸಿರಿನವರೆಗೆ ತಡೆಯುತ್ತಾರೆ, ಆಗ ರೋಗಿಗೆ ಎಚ್ಚರವೇ ಇರುವುದಿಲ್ಲ. 1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯೇ ಇದು ಸಾಯುವವರಿಗೆ ಮಾತ್ರ ಅಲ್ಲ ಎಂದು ಹೇಳಿದೆ. ದೊಡ್ಡ ಆಪರೇಷನ್ನಿಗೆ ಮೊದಲು ಕೊಡಬಹುದು. ವಯಸ್ಸಾಗಿ ಶಕ್ತಿ ಕುಂದಿದವರಿಗೆ ಕೊಡಬಹುದು. ಕಾಯಿಲೆ ಹೆಚ್ಚಾದರೆ ಮತ್ತೊಮ್ಮೆಯೂ ಪಡೆಯಬಹುದು. ಇದನ್ನು ಮನೆಯವರಿಗೆ ಮೊದಲೇ, ಸಮಾಧಾನದಲ್ಲಿ ತಿಳಿಸಿ. ರೋಗಿ ಎದ್ದು ಕೂತು, ಗಂಡನೋ ಹೆಂಡತಿಯೋ ಕೈ ಹಿಡಿದುಕೊಂಡು, ಮಕ್ಕಳು ಸುತ್ತ ನಿಂತು ಅಭ್ಯಂಗ ಪಡೆದ ಮನೆಗಳಲ್ಲಿ ಎಷ್ಟೋ ಧೈರ್ಯ ಬಂದದ್ದನ್ನು ಕಂಡಿದ್ದೇನೆ.

ಏನು ಹೇಳಬಾರದು

ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬನ ಗೆಳೆಯರು ಅವನ ಕಷ್ಟ ಕೇಳಿ ಬಂದರು. ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕೂತರು, ಒಂದು ಮಾತೂ ಆಡಲಿಲ್ಲ. ಅಲ್ಲಿವರೆಗೆ ಅವರು ಒಳ್ಳೆಯ ಗೆಳೆಯರೇ. ಬಾಯಿ ಬಿಟ್ಟು ಕಾರಣ ವಿವರಿಸಲು ಶುರುಮಾಡಿದ ಮೇಲೆ ಎಲ್ಲ ಕೆಟ್ಟಿತು. ಕೊನೆಗೆ ದೇವರು ಗದರಿದ್ದು ಅವರನ್ನೇ.

ಹಾಗಾಗಿ ಕಾರಣ ಹೇಳಬೇಡಿ. "ದೇವರ ಚಿತ್ತ" ಎಂದು ಮನೆಯವರು ಹೇಳಿಕೊಂಡರೆ ಅದು ಅವರ ವಿಶ್ವಾಸ, ಗೌರವದಿಂದ ಕೇಳಿ. ಮಗುವನ್ನು ಕಳೆದುಕೊಂಡ ತಾಯಿಗೆ ನೀವಾಗಿ ಆ ಮಾತು ಹೇಳಿದರೆ ಅದು ಪೆಟ್ಟು. "ದೇವರು ಪ್ರೀತಿಸುವವರನ್ನೇ ಪರೀಕ್ಷಿಸುತ್ತಾನೆ", "ಇಗರ್ಜಿಗೆ ಬರುವುದು ಕಡಿಮೆ ಮಾಡಿದಿರಿ ಅಲ್ವಾ", "ಇನ್ನೂ ಚಿಕ್ಕವಳು, ಮತ್ತೆ ಮಕ್ಕಳಾಗುತ್ತವೆ": ಇವು ಮೂರೂ ನಮ್ಮ ಕಡೆ ಪದೇ ಪದೇ ಕಿವಿಗೆ ಬೀಳುತ್ತವೆ. ಮೂರನ್ನೂ ಬಿಡಿ. ಹುಟ್ಟು ಕುರುಡನನ್ನು ಕಂಡು, ಪಾಪ ಮಾಡಿದ್ದು ಇವನೋ ಇವನ ಹೆತ್ತವರೋ ಎಂದು ಶಿಷ್ಯರು ಕೇಳಿದಾಗ ಯೇಸು ಇಬ್ಬರೂ ಅಲ್ಲ ಎಂದ. ತೀರಿಹೋದ ಗೆಳೆಯ ಲಾಸರನ ಸಮಾಧಿಯ ಹತ್ತಿರ ಅತ್ತ. ಅವನನ್ನು ಎಬ್ಬಿಸುತ್ತೇನೆ ಎಂದು ಗೊತ್ತಿದ್ದೂ ಅತ್ತ.

ಹಾಗಾದರೆ ಏನು ಹೇಳುವುದು? "ನಿಮ್ಮ ಜೊತೆ ಕೂರಲು ಬಂದಿದ್ದೇವೆ" ಸಾಕು. ಸತ್ತವರ ಹೆಸರು ಹಿಡಿದು ಮಾತಾಡಿ. ಅವರ ಬಗ್ಗೆ ನಿಮಗೆ ನೆನಪಿರುವುದನ್ನು ಹೇಳಿ, ಹಬ್ಬದಲ್ಲಿ ಬ್ಯಾಂಡಿನ ಮುಂದೆ ಕುಣಿದದ್ದು, ಬಂಗಡೆ ಸಾರು ಮಾಡುತ್ತಿದ್ದ ರೀತಿ. ಹೆಸರು ಎತ್ತಿದರೆ ಅಳುತ್ತಾರೆ ಎಂದು ಜನ ಹೆದರುತ್ತಾರೆ. ಅಳಲಿ. ಯಾರೂ ಹೆಸರೇ ಎತ್ತದಿರುವುದು ಅದಕ್ಕಿಂತ ದೊಡ್ಡ ನೋವು.

ದೇವರ ಮೇಲೆ ಸಿಟ್ಟು ಮಾಡಿದರೂ ಗಾಬರಿಯಾಗಬೇಡಿ. ಗಂಡ ತೀರಿದ ಮೇಲೆ ಒಬ್ಬ ಹೆಂಗಸು ನನಗೆ ನೇರವಾಗಿ ಹೇಳಿದಳು, "ನನಗೆ ಈಗ ಜಪಸರ ಹಿಡಿಯಲು ಮನಸ್ಸಿಲ್ಲ, ದೇವರು ನನ್ನ ಮಾತು ಕೇಳಲಿಲ್ಲ." ನಾನು ಬೈಬಲ್ ತೆರೆದು ಅವಳಿಗೆ 88ನೇ ಕೀರ್ತನೆ ಓದಿದೆ. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಸಮಾಧಾನದ ಒಂದು ಸಾಲೂ ಕೊನೆಯಲ್ಲಿಲ್ಲ. "ಇದೂ ಬೈಬಲಿನಲ್ಲಿದೆಯಾ?" ಎಂದಳು. ಇದೆ. ಹಾಗೆ ಕೂಗುವುದೂ ಪ್ರಾರ್ಥನೆಯೇ.

ಪ್ರಾರ್ಥನೆ ಮಾಡುವ ಬಗೆ

ಕೇಳಿ ಮಾಡಿ. "ಒಂದು ಸಣ್ಣ ಪ್ರಾರ್ಥನೆ ಮಾಡೋಣವಾ?" ಎಂದರೆ ಸಾಕು. ಇವತ್ತು ಬೇಡ ಎಂದರೆ ಬೇಡ. ದಣಿದ ಮನೆಯಲ್ಲಿ ಜಪಸರದ ಐದೂ ರಹಸ್ಯ (ಯೇಸು, ಮರಿಯಮ್ಮನ ಬದುಕಿನ ಒಂದೊಂದು ಘಟನೆ ನೆನೆಯುವ ಭಾಗ), ಮನವಿಮಾಲೆ, ಮೂರು ಗೀತೆ ಎಲ್ಲ ಹೇಳಿ ಅವರನ್ನು ನಿಲ್ಲಿಸಿಕೊಳ್ಳಬೇಡಿ. ಒಂದು ರಹಸ್ಯ ಸಾಕು. ಮಂಗಳವಾರ, ಶುಕ್ರವಾರಕ್ಕೆ ದುಃಖದ ರಹಸ್ಯ ಎಂದಿದ್ದರೂ, ಕಷ್ಟದ ಮನೆಯಲ್ಲಿ ಯಾವ ವಾರವಾದರೂ ಗೆತ್ಸೆಮನಿ ತೋಟದ ರಹಸ್ಯ ಹೇಳಬಹುದು. ಅಲ್ಲಿ ಯೇಸುವೂ ಈ ಪಾತ್ರೆ ನನ್ನಿಂದ ದಾಟಿಹೋಗಲಿ ಎಂದು ಬೇಡಿದ.

ನೀವೇ ಎಲ್ಲ ಹೇಳಬೇಡಿ. ಮನೆಯ ಚಿಕ್ಕ ಮಗುವಿಗೆ ಪರಲೋಕ ಪ್ರಾರ್ಥನೆ ಹೇಳಲು ಬಿಡಿ. ಗಂಡ ತನ್ನ ಹೆಂಡತಿಯ ತಲೆ ಮೇಲೆ ಕೈಯಿಟ್ಟು, ಅವಳ ಹೆಸರು ಹೇಳಿ, ಒಂದು ವಾಕ್ಯದಲ್ಲಿ ಬೇಡಲಿ. ಆಮೇಲೆ ಹೆಂಡತಿ ಅವನಿಗಾಗಿ. ಮದುವೆಯಾಗಿ ಇಪ್ಪತ್ತು ಮೂವತ್ತು ವರ್ಷ ಆದವರೂ ಇದನ್ನು ಒಮ್ಮೆಯೂ ಮಾಡಿರುವುದಿಲ್ಲ. ನಾಚುತ್ತಾರೆ. ಆದರೂ ಮಾಡಿಸಿ. ನಾವು ಎದ್ದು ಬಂದ ಮೇಲೆ ಅವರು ಅದನ್ನು ಮುಂದುವರಿಸಬಹುದು. ನಮ್ಮ ಉದ್ದದ ಪ್ರಾರ್ಥನೆಯನ್ನು ಮುಂದುವರಿಸಲು ಅವರಿಗೆ ಆಗುವುದಿಲ್ಲ.

ಪಕ್ಕದ ಹಿಂದೂ, ಮುಸಲ್ಮಾನ ಮನೆಯವರ ಕಷ್ಟಕ್ಕೂ ಹೋಗಿ. ಅಲ್ಲಿಗೆ ನೆರೆಯವರಾಗಿ ಹೋಗಿ. ಅನ್ನ ಕೊಡಿ, ಆಸ್ಪತ್ರೆಗೆ ಓಡಿ, ಧರ್ಮದ ಮಾತು ಎತ್ತಬೇಡಿ. ನಮ್ಮ ಮನೆಗಳಲ್ಲಿ ಸಾವಾದಾಗ ಎಷ್ಟೋ ಸಲ ಮೊದಲು ಗಂಜಿ ತರುವವರು ಅವರೇ.

ಗಂಡ ಹೆಂಡತಿಯ ನಡುವೆ ಕಷ್ಟ ಬಂದಾಗ

ಸುಖದಲ್ಲೂ ದುಃಖದಲ್ಲೂ, ಆರೋಗ್ಯದಲ್ಲೂ ಕಾಯಿಲೆಯಲ್ಲೂ ಎಂದು ಜೋಡಿ ಪೀಠದ ಮುಂದೆ ಮಾತು ಕೊಡುವಾಗ ರಿಜಿಸ್ಟರಿನಲ್ಲಿ ಸಹಿ ಹಾಕುವ ಸಾಕ್ಷಿಗಳು ಇಬ್ಬರೇ ಇರಬಹುದು. ಆದರೆ ಬೆಂಚಿನಲ್ಲಿ ಕೂತ ನಾವೆಲ್ಲರೂ ಆ ಮಾತು ಕೇಳಿರುತ್ತೇವೆ. ಆಮೇಲೆ ಊಟ ಮಾಡಿ, ಬ್ಯಾಂಡಿಗೆ ಕುಣಿದು ಬರುತ್ತೇವೆ. ಕೇಳಿದವರಿಗೂ ಒಂದು ಜವಾಬ್ದಾರಿ ಇದೆ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಜಗಳದ ಬೇರು ಬಹಳ ಸಲ ದುಡ್ಡು. ಗಲ್ಫಿನ ಕೆಲಸ ಹೋಯಿತು, ಹಡಗಿನ ಕಾಂಟ್ರ್ಯಾಕ್ಟ್ ಮತ್ತೆ ಸಿಗಲಿಲ್ಲ, ಹೆಂಡತಿ ಗಂಡನಿಗೆ ಹೇಳದೆ ವಾರದ ಕಂತಿನ ಸಾಲ ಎತ್ತಿದಳು. ಇಬ್ಬರನ್ನೂ ಒಂದೇ ಮೇಜಿನ ಮುಂದೆ ಕೂರಿಸಿ. ಒಂದು ನೋಟ್‌ಬುಕ್ ತೆಗೆಯಿರಿ. ಯಾರಿಗೆ ಎಷ್ಟು ಕೊಡಬೇಕು, ಬಡ್ಡಿ ಎಷ್ಟು, ಕಂತು ಯಾವತ್ತು ಎಂದು ಅವರ ಕೈಯಲ್ಲೇ ಬರೆಸಿ. ಯಾರ ತಪ್ಪು ಎಂಬ ಮಾತು ಆ ದಿನ ಬೇಡ. ಎಲ್ಲ ಕಾಗದದ ಮೇಲೆ ಬಂದಾಗ, ಕತ್ತಲೆಯಲ್ಲಿ ದೊಡ್ಡದಾಗಿ ಕಂಡದ್ದು ಹಗಲಲ್ಲಿ ಕಂಡ ಹಾಗೆ ಆಗುತ್ತದೆ. ಮೊದಲು ಯಾವುದನ್ನು ತೀರಿಸುವುದು ಎಂದು ಇಬ್ಬರೂ ಸೇರಿ ಗುರುತು ಹಾಕಲಿ. ಸಾಲದವರು ಬಾಗಿಲಿಗೆ ಬಂದು ಹೆದರಿಸುತ್ತಿದ್ದರೆ, ಹಾಗೆ ಕಿರುಕುಳ ಕೊಟ್ಟು ವಸೂಲಿ ಮಾಡುವುದನ್ನು ತಡೆಯಲು 2025ರಲ್ಲಿ ರಾಜ್ಯ ಸರ್ಕಾರ ಕಾನೂನು ತಂದಿದೆ ಎಂದು ತಿಳಿಸಿ. ಪೊಲೀಸ್ ಠಾಣೆಗೆ ಜೊತೆಯಲ್ಲಿ ಹೋಗಿ.

ಒಬ್ಬರ ಮಾತು ಕೇಳಿ ಇನ್ನೊಬ್ಬರಿಗೆ ದಾಟಿಸಬೇಡಿ. ಅತ್ತೆ, ನಾದಿನಿ ಎಲ್ಲರನ್ನೂ ಪಂಚಾಯ್ತಿಗೆ ಸೇರಿಸಬೇಡಿ.

ಇನ್ನೊಂದನ್ನು ಗಟ್ಟಿಯಾಗಿ ಹೇಳುತ್ತೇನೆ. ಹೊಡೆತ ಇರುವ ಮನೆಗೆ ಹೋಗಿ "ಸಹಿಸಿಕೋ ಮಗಳೇ, ಇದು ನಿನ್ನ ಶಿಲುಬೆ" ಎನ್ನಬೇಡಿ. ಅದು ಶಿಲುಬೆ ಅಲ್ಲ, ಅಪರಾಧ. ಮೊದಲು ಅವಳನ್ನೂ ಮಕ್ಕಳನ್ನೂ ಸುರಕ್ಷಿತ ಜಾಗಕ್ಕೆ ಕರೆದುಕೊಂಡು ಹೋಗಿ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಕೌಟುಂಬಿಕ ಹಿಂಸೆಯ ವಿರುದ್ಧ 2005ರ ಕಾಯ್ದೆ ಇದೆ, ಕ್ರೈಸ್ತ ಹೆಂಗಸಿಗೂ ಅದು ರಕ್ಷಣೆ ಕೊಡುತ್ತದೆ. ರಾಜಿ, ಪ್ರಾರ್ಥನೆ, ಫಾದರ್ ಜೊತೆ ಮಾತು ಎಲ್ಲ ಆಮೇಲೆ. ಕುಡಿತ ಬಿಡಲು ಗಂಡನಿಗೆ ಮನಸ್ಸಿದ್ದರೆ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಜಾಸ್ತಿ ಕುಡಿಯುವವರು ಒಮ್ಮೆಲೇ ಬಿಟ್ಟರೆ ಜೀವಕ್ಕೇ ಅಪಾಯ ಆಗಬಹುದು. ಈಸ್ಟರಿಗೆ ಮೊದಲಿನ ತಪಸ್ಸುಕಾಲದ ಹರಕೆ ಒಂದನ್ನೇ ನಂಬಬೇಡಿ. ಮನಸ್ಸು ಕುಸಿದು ಸಾಯುವ ಮಾತಾಡುವವರಿದ್ದರೆ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಅಲ್ಲೇ ಕೂತು ಫೋನ್ ಹಚ್ಚಿ. ಆ ರಾತ್ರಿ ಅವರನ್ನು ಒಬ್ಬರನ್ನೇ ಬಿಡಬೇಡಿ.

ದುಡ್ಡಿನ ವಿಷಯ

ಭೇಟಿಗೆ ಹೋದವರು ಸ್ವಂತ ಸಾಲ ಕೊಡಬೇಡಿ. ಕೊಟ್ಟರೆ ಆ ಮನೆಯವರು ಬೀದಿಯಲ್ಲಿ ನಿಮ್ಮನ್ನು ಕಂಡು ದಾರಿ ಬದಲಿಸುತ್ತಾರೆ, ಇಗರ್ಜಿಗೂ ಬರುವುದಿಲ್ಲ. ಸಹಾಯ ವಾರ್ಡಿನ ನಿಧಿಯಿಂದ ಹೋಗಲಿ, ದಾನವಾಗಿಯೇ ಹೋಗಲಿ. ಲೆಕ್ಕಕ್ಕೆ ಇಬ್ಬರ ಸಹಿ ಇರಲಿ. ಮೊದಲ ಕ್ರೈಸ್ತರ ಆದಿ ಸಭೆಯಲ್ಲೇ ವಿಧವೆಯರಿಗೆ ಹಂಚುವುದರಲ್ಲಿ ತಾರತಮ್ಯ ಆಗುತ್ತಿದೆ ಎಂದು ದೂರು ಬಂದಿತ್ತು. ಅದಕ್ಕೇ ಏಳು ಜನರನ್ನು ನೇಮಿಸಿದರು. ಅವರಿಗೇ ಬಂದ ದೂರು ನಮಗೂ ಬರುತ್ತದೆ, ಬಾರದ ಹಾಗೆ ಮೊದಲೇ ಲೆಕ್ಕ ಸರಿ ಇಡಿ.

ಫೋಟೋ ಬೇಡ. ಅಕ್ಕಿ ಚೀಲ ಹಿಡಿದು ತಲೆ ತಗ್ಗಿಸಿ ನಿಂತವರ ಫೋಟೋ ವಾಟ್ಸಾಪಿಗೆ ಹೋಗಲೇಬಾರದು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ ಎಂಬುದನ್ನು ಎಲ್ಲರೂ ಕೇಳಿದ್ದೇವೆ, ಆದರೂ ಈಗ ಇದು ಜಾಸ್ತಿಯಾಗಿದೆ. ನನಗೆ ಬಹಳ ಬೇಸರ.

ಕರಾವಳಿಯಲ್ಲಿ ಜೂನ್ ತಿಂಗಳನ್ನು ಮರೆಯಬೇಡಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ದೋಣಿಯಲ್ಲಿ, ಐಸ್ ಪ್ಲಾಂಟಿನಲ್ಲಿ, ಮೀನು ಸಾಗಿಸುವ ಕೆಲಸದಲ್ಲಿ ಇರುವ ಮನೆಗಳಿಗೆ ಆಗ ಆದಾಯ ಇಲ್ಲ. ಶಾಲೆ ಶುರುವಾಗುವುದೂ ಅದೇ ಹೊತ್ತಿಗೆ. ಪುಸ್ತಕ, ಕೊಡೆ, ಯೂನಿಫಾರ್ಮ್, ಸೋರುವ ಮಾಡಿಗೆ ತಾಡಪತ್ರಿ ಎಲ್ಲ ಒಟ್ಟಿಗೆ ಬರುತ್ತದೆ. ಮೇ ತಿಂಗಳಲ್ಲೇ ಹೋಗಿ ಮಾತಾಡಿ. ಕುಚ್ಚಲಕ್ಕಿ, ಒಣಮೀನು, ಎಣ್ಣೆ ಕೊಡುವುದಾದರೆ ಸಂಜೆ ಕತ್ತಲಾದ ಮೇಲೆ ಮನೆಗೇ ಮುಟ್ಟಿಸಿ. ಇಗರ್ಜಿಯ ಅಂಗಳದಲ್ಲಿ ಸಾಲು ನಿಲ್ಲಿಸಬೇಡಿ.

ತಿಂಗಳ ಪೂಜೆ ಆದ ಮೇಲೆ

ಸಾವಾದ ಮನೆಯಲ್ಲಿ ಮೊದಲ ವಾರ ಕೂರಲು ಜಾಗ ಇರುವುದಿಲ್ಲ. ಏಳನೇ ದಿನದ ಪೂಜೆ, ತಿಂಗಳ ಪೂಜೆ ಮುಗಿದರೆ ಒಬ್ಬರೂ ಇಲ್ಲ. ಮಕ್ಕಳು ಮುಂಬೈ, ದುಬೈಗೆ ಹೊರಟುಹೋಗುತ್ತಾರೆ. ನಿಮ್ಮ ಕೆಲಸ ನಿಜವಾಗಿ ಶುರುವಾಗುವುದು ಆಗ. ನಾನು ಒಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಇಡುತ್ತೇನೆ: ತೀರಿದವರ ಹುಟ್ಟುಹಬ್ಬ, ಅವರ ಮದುವೆಯ ದಿನ, ನವೆಂಬರ್ 2ರ ಸತ್ತವರ ಸ್ಮರಣೆ, ಮೊದಲ ಕ್ರಿಸ್ಮಸ್. ದುಃಖದ ಮನೆಯಲ್ಲಿ ಆ ವರ್ಷ ನೆವ್ರಿ, ದೋದೋಲ್‌ನಂಥ ಕ್ರಿಸ್ಮಸ್ ಸಿಹಿ ಮಾಡುವುದಿಲ್ಲ, ಹಾಗಾಗಿ ನಮ್ಮ ಮನೆಗಳಿಂದ ಒಂದು ತಟ್ಟೆ ಹೋಗಬೇಕು. ತಟ್ಟೆ ಕೊಟ್ಟು ಬಾಗಿಲಿನಿಂದಲೇ ಹಿಂದಿರುಗಬೇಡಿ, ಒಳಗೆ ಹೋಗಿ ಕೂರಿ. ಬೇರೆ ದಿನಗಳಲ್ಲಿ ಸುಮ್ನೆ ಒಂದು ಫೋನ್ ಮಾಡಿದರೂ ಸಾಕು.

ಕ್ಯಾಲೆಂಡರಿನಲ್ಲಿ ದಿನ ಮಾತ್ರ ಬರೆಯಿರಿ. ಆ ಮನೆಯಲ್ಲಿ ಕೇಳಿದ ಮಾತು, ಸಾಲದ ಲೆಕ್ಕ, ಜಗಳದ ವಿಷಯ ಎಲ್ಲೂ ಬರೆದಿಡಬೇಡಿ, ವಾರ್ಡಿನ ಸಭೆಯಲ್ಲೂ ಹೇಳಬೇಡಿ.

ವರ್ಷ ಕಳೆದ ಮೇಲೆ ಅವರನ್ನೇ ನಿಮ್ಮ ಜೋಡಿಗೆ ಕೇಳಿ. ಒತ್ತಾಯ ಬೇಡ. ಗಂಡನನ್ನು ಕಳೆದುಕೊಂಡವಳನ್ನು ಮೊದಲೇ ಸಾವಿನ ಮನೆಗೆ ಕರೆದೊಯ್ಯಬೇಡಿ. ಬಾಣಂತಿ ಮನೆ, ಕಾಲು ಮುರಿದುಕೊಂಡ ಮುದುಕರ ಮನೆ, ಇಂಥಲ್ಲಿಂದ ಶುರುಮಾಡಿಸಿ. ನಮ್ಮ ವಾರ್ಡಿನಲ್ಲಿ ಈಗ ಹೋಗುವವರಲ್ಲಿ ಹೆಚ್ಚಿನವರು ಹೀಗೇ ಬಂದವರು. 88ನೇ ಕೀರ್ತನೆ ಕೇಳಿದ ಆ ಹೆಂಗಸು ಈಗ ಮಣಿಪಾಲಕ್ಕೆ ಹೋಗುವವರ ಫೈಲು ಜೋಡಿಸುವ ಕೆಲಸ ನೋಡಿಕೊಳ್ಳುತ್ತಾಳೆ. ಯಾವ ಕೌಂಟರಿನಲ್ಲಿ ಯಾವ ಝೆರಾಕ್ಸ್ ಕೇಳುತ್ತಾರೆ ಎಂದು ನಮ್ಮೆಲ್ಲರಿಗಿಂತ ಅವಳಿಗೇ ಚೆನ್ನಾಗಿ ಗೊತ್ತು.